ಕೋರಿಕೆಯ ಸೋರಿಕೆ

ಲೆವುಕಾ,
ಸೋಮವಾರ, ಮಾರ್ಚ್ ೧೧

ಪ್ರೀತಿಯ ಉನೈಸಿ ಅತ್ತಿಗೆ,

ಈ ಪತ್ರವನ್ನು ಮೊದಲು "ಮಾನ್ಯರೇ" ಎಂದು ಶುರುಮಾಡಿದ್ದೆ. ನಮ್ಮ ಚಿಕಿತ್ಸಾಲಯದ ನಿಯಮ ಹಾಗಿದೆ. ಯಾರದಾದರೂ ಖಾಸಗಿ ಮಾಹಿತಿ ಹೊರಗೆ ಹೋದರೆ, ಏನು ಹೋಯಿತು, ಹೇಗೆ ಹೋಯಿತು, ಮುಂದೇನು ಎಂದು ಅವರಿಗೆ ಲಿಖಿತವಾಗಿ ತಿಳಿಸಬೇಕು. ಆ ನಿಯಮ ಬರೆದವಳು ನಾನೇ, ಮಾದರಿ ಪತ್ರವನ್ನು ಬರೆದಿಟ್ಟವಳೂ ನಾನೇ. "ಮಾನ್ಯರೇ, ತಮಗೆ ಸಂಬಂಧಿಸಿದ ಕೆಲವು ವಿವರಗಳು" ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಬುದ್ಧಿ ಬಂದಾಗಿನಿಂದ ಕತ್ತೆ, ಕೋತಿ, ಒಣಮೀನು ಎಂದೇ ಕರೆದ ಸೋದರಮಾವನ ಮಗಳನ್ನು ಮಾನ್ಯರೇ ಎಂದರೆ ನೀನು ಪತ್ರವನ್ನು ನೇರ ಒಲೆಗೆ ಹಾಕುತ್ತೀಯೆ.

ಇದನ್ನೂ ಹಾಕಬಹುದು. ಆದರೆ ಓದಿ ಹಾಕು. ಈ ಗುರುವಾರ ಸೂವಾಕ್ಕೆ ಹಡಗಿದೆ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನಿನ್ನ ಎದೆಯ ಗಂಟಿನ ಪರೀಕ್ಷೆಗೆ ದಿನ ಕೊಟ್ಟಿದ್ದಾರೆ. ನೀನು ಹೋಗುವುದಿಲ್ಲ ಎಂದು ಹೇಳಿ ಕಳಿಸಿದ್ದೀಯಂತೆ. ನರ್ಸ್ ನಿನ್ನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು: "ನನ್ನ ಕಾಗದ ಎಲ್ಲಾ ಹರಿದ್ಹಾಕಿ. ಇಲ್ಲಿಯವರು ನನ್ನ ಎದೆ ಮೇಲೆ ಕೀರ್ತನೆ ಹಾಡಿದ್ದು ಸಾಕು. ಸೂವಾದವರು ಬೇರೆ ಶ್ರುತಿ ಹಿಡಿಯೋದು ಬೇಡ."

ನಗು ಬರಿಸುವ ಮಾತು. ನಗಲು ಆಗಲಿಲ್ಲ.

ಅಂದು ನೀನು ಚಿಕಿತ್ಸಾಲಯದಲ್ಲಿ, ಕಡತ ನೋಡಿಕೊಳ್ಳುವ ನನ್ನ ಮೇಜಿನ ಮುಂದೆ ನಿಂತು ಹೇಳಿದ್ದು ನೆನಪಿದೆ. "ವಿಲಿ, ಪೆನಿಯಾಸಿ ದಡಕ್ಕೆ ಬರೋವರೆಗೂ ಇದು ನಿನ್ನ ಹೊಟ್ಟೇಲೇ ಇರ್ಲಿ. ಅಷ್ಟು ದೊಡ್ಡ ಹೊಟ್ಟೆ ಸುಮ್ನೆ ಬೆಳೆಸಿದ್ದೀಯಾ?" ಎಂದೆ. "ನಿನ್ನ ಗುಟ್ಟಿಗೆ ಜಾಗ ಬೇಕಲ್ಲ ಅಂತಾನೇ ಬೆಳೆಸಿದ್ದು ಕಣೇ" ಎಂದೆ ನಾನು. ನೀನು ನಕ್ಕೆ, ಆಮೇಲೆ ನಗು ನಿಲ್ಲಿಸಿ, "ಗಂಡಂಗೆ ನಾನೇ ಹೇಳ್ಬೇಕು. ಪಕ್ಕದಲ್ಲಿ ಕೂತು, ಕೈ ಹಿಡ್ಕೊಂಡು ಹೇಳ್ಬೇಕು" ಎಂದೆ. ನೀನು ನನ್ನಲ್ಲಿ ಕೇಳಿದ್ದು ಅದೊಂದೇ.

ಮಾಹಿತಿಗೆ ಮಿತಿ ಇರಬೇಕೆಂದು ಊರಿಗೆಲ್ಲ ಪಾಠ ಹೇಳುವ ನನಗೆ ಮತಿ ಇರಬೇಕಿತ್ತು. ದತ್ತಾಂಶ ಎಂಬ ದೊಡ್ಡ ಪದವನ್ನು ನರ್ಸ್‌ಗಳಿಗೆ ಬಿಡಿಸಿ ಹೇಳುವಾಗ ನಾನು ತಮಾಷೆ ಮಾಡುತ್ತಿದ್ದೆ: "ಅದು ದತ್ತು ಬಂದ ಮಗು ಇದ್ದಂಗೆ ಕಣ್ರಮ್ಮಾ. ಹೆತ್ತವಳನ್ನ ಕೇಳದೆ ಬೀದಿಗೆ ಬಿಡಬಾರದು." ಎಲ್ಲರೂ ನಗುತ್ತಿದ್ದರು. ನನ್ನ ಪಾಠಗಳೆಂದರೆ ಅವರಿಗೆ ಇಷ್ಟ.

ಅದೇ ವಾರ ಬುಧವಾರ ಹೆಂಗಸರ ಪ್ರಾರ್ಥನಾ ಕೂಟಕ್ಕೆ ಹೋದಾಗ ನಿನ್ನ ಗುಟ್ಟು ನನ್ನೊಳಗೆ ಕಲ್ಲಿನಂತೆ ಕೂತಿತ್ತು. ಪಾದ್ರಿಯವರ ಹೆಂಡತಿ ಅಕೆನೇತಾ ಎಂದಿನಂತೆ, "ಯಾರ ಕೋರಿಕೆ ಏನೇನಿದೆ ಹೇಳ್ರಮ್ಮಾ" ಎಂದರು. ಒಬ್ಬಳು ಮಗನ ಪರೀಕ್ಷೆ ಎಂದಳು. ಇನ್ನೊಬ್ಬಳು ಮೊಣಕಾಲು ಎಂದಳು. ನನ್ನ ಸರದಿ ಬಂತು. ಸೂವಾದ ತರಬೇತಿಯಲ್ಲಿ ಕಲಿತಿದ್ದೆನಲ್ಲ, ಹೆಸರು ತೆಗೆದರೆ ಮಾಹಿತಿ ಅನಾಮಿಕವಾಗುತ್ತದೆ ಎಂದು. ಹೆಸರು ತೆಗೆದೆ. "ಒಬ್ಬ ತಾಯಿ ಇದ್ದಾಳೆ, ಎದೆಯಲ್ಲಿ ಗಂಟು. ಗಂಡ ಮೀನಿನ ಹಡಗಲ್ಲಿದ್ದಾನೆ. ಕೈಕೆಲಸ ಮಾಡಿ ಮನೆ ನಡೆಸ್ತಾಳೆ. ಅವಳಿಗಾಗಿ ಪ್ರಾರ್ಥಿಸೋಣ" ಎಂದೆ. ಇಷ್ಟೇ ಹೇಳಿದ್ದು.

ಅನಾಮಿಕೆ ಎಂದರೆ ಉಂಗುರದ ಬೆರಳು ತಾನೇ ಅತ್ತಿಗೆ? ಯಾರ ಉಂಗುರ ಯಾರ ಬೆರಳಲ್ಲಿದೆ ಎಂದು ನಮ್ಮ ಬೀದಿಗೆ ಯಾವತ್ತು ತಿಳಿಯದೆ ಹೋಗಿದೆ? ಚಾಪೆ ನೇಯುವವಳ ಗಂಡ ಆ ಹೊತ್ತಿಗೆ ದಡದಲ್ಲೇ ಕಾವಾ ಬೇರಿನ ರಸ ಕುಡಿಯುತ್ತಿದ್ದ. ಮೀನು ಮಾರುವವಳಿಗೆ ಮಕ್ಕಳಿಲ್ಲ. ಉಳಿದವಳು ಹೊಲಿಗೆಯವಳು. ಆ ಕೋಣೆಯ ಅರ್ಧ ಜನ ನೀನು ಹೊಲಿದ ಬಟ್ಟೆಯಲ್ಲೇ ಕೂತು ನಿನಗಾಗಿ ಕಣ್ಣು ಮುಚ್ಚಿದರು. ಮುಗಿದ ಮೇಲೆ ಅವರೇ ಕೂಡಿಸಿ ಕಳೆದು ಲೆಕ್ಕ ಬಿಡಿಸಿಕೊಂಡರು. ನಿನ್ನ ಹೆಸರು ತೆಗೆಯಲು ಹೋಗಿ ನನ್ನ ಹೆಸರು ಕೆಡಿಸಿಕೊಂಡೆ. ಕೋರಿಕೆಯೇ ಸೋರಿಕೆಯಾಯಿತು.

ಸಂಜೆಗೆ ನಿನ್ನ ಬಾಗಿಲಲ್ಲಿ ತೆಂಗಿನಹಾಲಿನ ಮೀನು, ಬೇಯಿಸಿದ ಕೆಸುವಿನ ಗಡ್ಡೆ, ಮಡಿಸಿದ ಚಾಪೆ. ಸಾವಿನ ಮನೆಗೆ ತರುವುದನ್ನೆಲ್ಲ ಬದುಕಿರುವವಳ ಮುಂದೆ ಪ್ರೀತಿಯಿಂದ ಜೋಡಿಸಿದರು. ಕೆಟ್ಟವರಾಗಿದ್ದರೆ ಬೈದು ಓಡಿಸಬಹುದಿತ್ತು. ನೀನು ಒಬ್ಬೊಬ್ಬರಿಗೂ ವಿನಾಕಾ, ವಿನಾಕಾ ಎಂದು ಧನ್ಯವಾದ ಹೇಳಿದೆಯಂತೆ.

ಪೆನಿಯಾಸಿಗೆ ಹೇಗೆ ತಿಳಿಯಿತೆಂದು ಅವನ ಅಣ್ಣನೇ ನನ್ನ ಮುಂದೆ ಹೇಳಿದ. ಬೇರೆ ಹಡಗಿನಲ್ಲಿದ್ದ ಅಣ್ಣ ಊರಿನಿಂದ ಸುದ್ದಿ ಕೇಳಿ ರೇಡಿಯೋದಲ್ಲಿ, "ಧೈರ್ಯ ತಗೋ ತಮ್ಮಾ, ಉನೈಸಿಗೋಸ್ಕರ ಊರೆಲ್ಲ ಪ್ರಾರ್ಥನೆ ಮಾಡ್ತಿದೆ" ಎಂದನಂತೆ. "ಯಾಕೆ? ಉನೈಸಿಗೇನಾಗಿದೆ?" ಎಂದು ನಿನ್ನ ಗಂಡ ಕೇಳಿದನಂತೆ. ಅಣ್ಣ ಹೇಳಲೇಬೇಕಾಯಿತು. ನಮ್ಮ ಪ್ರಾರ್ಥನೆ ಸ್ವರ್ಗ ಮುಟ್ಟಿತೋ ಇಲ್ಲವೋ, ಸಮುದ್ರದ ಆ ತುದಿಯನ್ನಂತೂ ಮುಟ್ಟಿತು.

ನಿನ್ನ ಪಕ್ಕದಲ್ಲಿ ಕೂತು, ನಿನ್ನ ಕೈ ಹಿಡಿದು ಕೇಳಬೇಕಾಗಿದ್ದ ಮಾತನ್ನು ಅವನು ಮೀನಿನ ರಕ್ತದ ನಡುವೆ ನಿಂತು ಕೇಳಿದ. ಆ ಗಳಿಗೆಯನ್ನು ನಿನಗೆ ವಾಪಸ್ ಕೊಡುವ ನಿಯಮ ನನ್ನ ಯಾವ ಕಡತದಲ್ಲೂ ಇಲ್ಲ.

ಮೊನ್ನೆ ಮಾರುಕಟ್ಟೆಯಲ್ಲಿ ಮರಗೆಣಸಿನ ಗುಡ್ಡೆಯ ಹತ್ತಿರ ಎದುರಾದೆವು. ಎಂದಿನಂತೆ ಹೊಟ್ಟೆಯ ಮೇಲೊಂದು ಮಾತು ಬೀಳುತ್ತದೆಂದು ಕಾದೆ. ನೀನು ಪಕ್ಕಕ್ಕೆ ಸರಿದು, "ನೀವು ಮುಂದೆ ಹೋಗಿ" ಎಂದೆ. ನೀವು! ಅತ್ತೆ ಮಾವಂದಿರ ಮಕ್ಕಳು ನಾವು, ಬೈದುಕೊಳ್ಳುವುದೇ ನಮ್ಮ ಹಕ್ಕು. ಆ ಬಹುವಚನ ಹೊತ್ತುಕೊಂಡು ಮನೆಗೆ ಬಂದೆ. ತಂದ ಮರಗೆಣಸು ಇನ್ನೂ ಚೀಲದಲ್ಲೇ ಇದೆ.

ಚಿಕಿತ್ಸಾಲಯ ನಡೆಸುವ ಸಂಘದ ಸಮಿತಿ ವಿಚಾರಣೆ ಮಾಡಿತು. ಅಧ್ಯಕ್ಷೆ ತೊರಿಕಾ ಕೇಳಿದರು, "ಹೆಸರು ಹೇಳಿದ್ಯಾ ವಿಲಿಮೈನಾ?" "ಇಲ್ಲ" ಎಂದೆ. "ಹಂಗಾದ್ರೆ ತಪ್ಪು ನಿಯಮದ್ದು ಬಿಡು, ನಿಂದಲ್ಲ. ಚಿಕ್ಕ ಊರಲ್ಲಿ ಹೆಸರು ತೆಗೆದ್ರೆ ಸಾಲದು ಅಂತ ಒಂದು ಸಾಲು ಸೇರಿಸೋಣ" ಎಂದರು. ಸೇರಿಸಿದ್ದೇವೆ. ನಿಯಮಕ್ಕೆ ನಾಚಿಕೆಯಿಲ್ಲ ನೋಡು, ಎಷ್ಟು ತಪ್ಪು ಹೊರಿಸಿದರೂ ಮುಖ ಕೆಂಪಾಗುವುದಿಲ್ಲ.

ಇನ್ನು ಮುಂದೇನು ಎಂಬುದನ್ನೂ ತಿಳಿಸಬೇಕಲ್ಲ. ಇನ್ನು ನಿನ್ನ ಕಡತವನ್ನು ವೈದ್ಯರು ಮತ್ತು ಆ ನರ್ಸ್ ಬಿಟ್ಟು ಬೇರೆ ಯಾರೂ ತೆರೆಯುವಂತಿಲ್ಲ. ಇಷ್ಟು ಸಾಲದೆಂದರೆ ನನ್ನ ಮೇಲೆ ದೂರು ಕೊಡುವ ಹಕ್ಕು ನಿನಗಿದೆ. ಕೊಡು. ಆದರೆ ಗುರುವಾರದ ಹಡಗು ಬಿಡಬೇಡ ಅತ್ತಿಗೆ. ನನ್ನ ಮೇಲಿನ ಸಿಟ್ಟನ್ನು ನಿನ್ನ ಮೈಮೇಲೆ ತೀರಿಸಿಕೊಳ್ಳಬೇಡ.

ತಲೆ ತಗ್ಗಿಸಿರುವ,
ನಿನ್ನ ಸೋದರತ್ತೆಯ ಮಗಳು
ವಿಲಿಮೈನಾ

ತಾ.ಕ.: ಮಂಗಳವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುನ್ನ ಮತ್ತೆ ಓದಿದೆ. "ಹೇಗೆ ಹೋಯಿತು" ಎಂಬಲ್ಲಿ ಸುಳ್ಳು ಬರೆದಿದ್ದೇನೆ. ಅವರು ಲೆಕ್ಕ ಬಿಡಿಸಿಕೊಳ್ಳಲಿಲ್ಲ. ಪ್ರಾರ್ಥನೆಯಾದ ಮೇಲೆ ಚಹಾ ಹಂಚುತ್ತಾ ಅಕೆನೇತಾ ನನ್ನ ಕಿವಿಯ ಹತ್ತಿರ ಬಗ್ಗಿ, "ಯಾರೇ ಅದು, ಉನೈಸಿನಾ?" ಎಂದು ಕೇಳಿದರು. ನಾನು ಬಾಯಿ ತೆರೆಯಲಿಲ್ಲ, ಹುಬ್ಬು ಎತ್ತಿದೆ. ನಮ್ಮಲ್ಲಿ ಹೌದೆನ್ನಲು ಬಾಯಿ ಬೇಕೆ? ಮಾತು ಬಾರದ ಕೂಸು ಕೂಡ ಹುಬ್ಬಿನಲ್ಲೇ ಹೌದೆನ್ನುತ್ತದೆ. ಅಭ್ಯಾಸಬಲ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿಲ್ಲದ್ದು ನನಗೊಬ್ಬಳಿಗೆ ಗೊತ್ತಿತ್ತು. ಆ ಗಳಿಗೆ ನನಗೆ ಹಿತವಾಗಿತ್ತು.

ಈಗಷ್ಟೇ ತೊರಿಕಾ ಅವರ ಮನೆಗೆ ಹೋಗಿ ಇದನ್ನು ಹೇಳಿ ಬಂದೆ. ಅವರು ಕೇಳಿಸಿಕೊಂಡು ಕೈ ಚಾಚಿದರು. "ಕಡತದ ಬೀರುವಿನ ಬೀಗದ ಕೈ ಕೊಡು" ಎಂದರು. ಕೊಟ್ಟೆ. ಇನ್ನು ಆ ಮೇಜಿನಲ್ಲಿ ನಾನಿರುವುದಿಲ್ಲ, ಗುರುವಾರ ಹಡಗುಕಟ್ಟೆಗೂ ಬರುವುದಿಲ್ಲ. ನರ್ಸ್ ನಿನ್ನ ಜೊತೆ ಬರುತ್ತಾಳೆ. ಪೆನಿಯಾಸಿಯ ಹಡಗು ಬುಧವಾರ ರಾತ್ರಿ ಸೂವಾ ಸೇರುತ್ತದೆಂದು ಅವನ ಅಣ್ಣ ಹೇಳಿದ.

ನೀನು ಹೋಗು. ನನ್ನನ್ನು ಕ್ಷಮಿಸದೆಯೇ ಹೋಗು.