ಕರುವಿನ ಕೆನ್ನೆಯ ಬೊಟ್ಟು

ಕೊಪ್ಪ, ೨೧ ನವೆಂಬರ್ ೧೯೩೮, ಸೋಮವಾರ.

ಚಿತ್ರಗಳು ಹಾಳಾದವು. ಮಕ್ಕಳ ಪುಸ್ತಕಕ್ಕೆ ನಾನು ಬರೆದದ್ದು ಇಷ್ಟೇ ಕಥೆ: ತಾಯಿ ಎಲ್ಲಿಗೂ ಬಿಡದ ಬಿಳಿಯ ಕರುವೊಂದು ಹಗ್ಗ ಬಿಡಿಸಿಕೊಂಡು, ಒಂಟಿಯಾಗಿ ಹೊಳೆ ನೋಡಿ ಬರುತ್ತದೆ. ಚಿತ್ರಗಾರ ಕರಿಬಸವಯ್ಯನವರು ಮೊದಲು ಪ್ರತಿ ಪುಟದಲ್ಲೂ ಹಿಂದೆ ತಾಯಿಹಸುವನ್ನು ನಿಲ್ಲಿಸಿದ್ದರು. ಜಗಳವಾಡಿ ತೆಗೆಸಿದೆ. ಇಂದು ನರಸಿಂಹರಾಜಪುರದಿಂದ ಹೊಸ ಚಿತ್ರಗಳು ಬಂದವು. ದಡದಲ್ಲಿ ಕರು ಒಂದೇ ನಿಂತಿತ್ತು. ನೆಮ್ಮದಿಯಿಂದ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಮೀನಾಕ್ಷಕ್ಕ ಎಲ್ಲ ಚಿತ್ರಗಳಲ್ಲೂ ಕರುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಿದ್ದಳು.

“ಎಂತ ಮಾಡಿದೆ ಅಕ್ಕ?”

“ಒಂದೇ ಹೋಗ್ತದಲ್ಲ ಮಾರಾಯ. ಅಷ್ಟು ಚಂದದ ಕರು, ದೃಷ್ಟಿ ಆಗದೆ ಇರ್ತದಾ?”

“ಅದು ಚಿತ್ರ.”

“ನೋಡೋರ ಕಣ್ಣು ಚಿತ್ರದ್ದಲ್ಲವಲ್ಲ.”

ಒರೆಸಿದರೆ ಕಾಡಿಗೆಯ ಎಣ್ಣೆ ಹರಡುತ್ತದೆ. ನಾಳೆ ಶಿವಮೊಗ್ಗದ ಅಚ್ಚುಕೂಟಕ್ಕೆ ಕೊಡಲೇಬೇಕು. ಬೊಟ್ಟು ಕಂಡೊಡನೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ, ಈ ಕರುವನ್ನು ಮನೆಯವರೇ ಕಳಿಸಿಕೊಟ್ಟಿದ್ದಾರೆ ಎಂದು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಇದನ್ನು ಅವಳಿಗೆ ಹೇಳಿಯೇಬಿಡಬೇಕೆಂದು ಅಡಿಗೆಮನೆಗೆ ಹೋದೆ.

“ನಾಳೆ ಪಕ್ಕದ ಮನೆ ವಿದ್ಯಾಶಂಕರನೂ ಶಿವಮೊಗ್ಗಕ್ಕೆ ಹೋಗ್ತಾನಂತೆ. ಅವನ ಸಂಗಡವೇ ಹೋಗು, ಒಬ್ಬನೇ ಬೇಡ” ಎಂದಳು.

ನನಗೆ ನಲವತ್ತಾರು. ಆಯಿತು ಎಂದೆ.