ತಗಡಿನ ಮೇಲೆ ನಡೆದ ಮರಳು

ಫೆಬ್ರವರಿ 3, ಸೋಮವಾರ

ತಕ್ಕಡಿ ಹನ್ನೆರಡು, ಲೆನ್ಸ್ ನಲವತ್ತು, ಸ್ಟಾಪ್‌ವಾಚ್ ಒಂಬತ್ತು — ಅದರಲ್ಲೊಂದು ಮತ್ತೆ ನಿಂತಿದೆ. ಬೀರುಗಳಿಗೆ ಬೀಗ ಹಾಕಿ ಹೊರಡುವಷ್ಟರಲ್ಲಿ ಲ್ಯಾಬಿನ ಒಳಕೋಣೆಯಿಂದ ಹಲ್ಲು ಜುಮ್ಮೆನ್ನಿಸುವ ಸದ್ದು. ಹೊಸ ಮೇಷ್ಟ್ರು. ನಡುವೆ ಸ್ಟ್ಯಾಂಡಿಗೆ ಬಿಗಿದ ಚೌಕದ ಹಿತ್ತಾಳೆ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಉಜ್ಜುತ್ತಿದ್ದಾರೆ. ಮರಳು ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಬೆವರು ಮಾತ್ರ ಧಾರಾಳ.

"ಹದಿನೈದಕ್ಕೆ ಕಾಲೇಜಿನ ಪ್ರದರ್ಶನ ಅಕ್ಕ. ಹೊರಗಿಂದ ಪ್ರೊಫೆಸರ್ ಬರ್ತಾರೆ. ಇದು ನೋಡಿದ್ರೆ ನನ್ನ ಮಾನ ಕಳೆಯೋ ಹಾಗಿದೆ."

ಹತ್ತೊಂಬತ್ತು ವರ್ಷದಿಂದ ಇಲ್ಲಿ ಅಟೆಂಡರ್. ಈ ತಗಡನ್ನು ಒರೆಸಿಟ್ಟವಳು ನಾನು. ತರಗತಿ ಇಲ್ಲದಾಗ ನುಡಿಸಿ ನೋಡಿದವಳೂ ನಾನೇ. ಜಾರದಂತೆ ಕಮಾನಿಗೆ ರಾಳ ಹಚ್ಚಿದೆ. ಮೂಲೆಗೊಂದು ಬೆರಳೊತ್ತಿ, ಅಂಚಿನ ನಡುವೆ ಒಂದೇ ಎಳೆತ. ತಗಡು ಹಾಡಿತು. ಮರಳು ಎದ್ದು ನಡೆದು, ಮೂಲೆಯಿಂದ ಮೂಲೆಗೆ ಎರಡು ಗೆರೆಯಾಗಿ ನಿಂತಿತು. ಇನ್ನೊಂದು ಬೆರಳು ಸೇರಿಸಿದೆ — ಗೆರೆ ಒಡೆದು ನಕ್ಷತ್ರ.

ಮೇಷ್ಟ್ರು ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಅಲುಗೋ ಜಾಗದಲ್ಲಿ ಮರಳು ನಿಲ್ಲಲ್ಲ ಸಾರ್. ಅಲುಗದೇ ಇರೋ ಗೆರೆ ಮೇಲೆ ಹೋಗಿ ಕೂತ್ಕೊಳತ್ತೆ."

"ಅವತ್ತು ನೀವೇ ಮಾಡಿ ತೋರಿಸಿ ಅಕ್ಕ."

ನಾನು. ಸ್ಟೇಜಿನ ಮೇಲೆ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಫೆಬ್ರವರಿ 4

ಮನೆಯಲ್ಲಿ ಹೇಳಿದೆ. ಇವರು ಬಸ್ಸಿನ ಡ್ಯೂಟಿ ಬದಲಾಯಿಸಿಕೊಂಡು ಬರುತ್ತೇನೆ ಅಂದರು. ಮಗಳು ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಪುಸ್ತಕದಿಂದ ತಲೆ ಎತ್ತಲಿಲ್ಲ.

"ನೀನೇ ಯಾಕಮ್ಮ? ಮೇಷ್ಟ್ರೇ ಮಾಡಬಹುದಲ್ಲ."

"ಅವರಿಗೆ ಬರಲ್ಲ."

"ಯೂನಿಫಾರಂನಲ್ಲೇ ನಿಲ್ತೀಯಾ?"

ಅರ್ಥವಾಯಿತು. ಕಾರಿಡಾರಿನಲ್ಲಿ ಎದುರಾದರೆ ಫೋನ್ ನೋಡಿಕೊಂಡು ದಾಟುತ್ತಾಳೆ. ನಾನು ಯಾರೆಂದು ಗೆಳತಿಯರಿಗೆ ಹೇಳಿಲ್ಲ. ಗೊತ್ತಿತ್ತು. ಇರಲಿ. ಅವಳೂ ಬಂದು ನನ್ನ ಕೆಲಸ ನೋಡಲಿ. ನೋಡಿದ ಮೇಲೂ ಅಮ್ಮ ಅನ್ನಲು ನಾಚಿಕೆಯಾದರೆ ಆಗ ಅಳುತ್ತೇನೆ, ಈಗಲ್ಲ.

ಫೆಬ್ರವರಿ 14, ಸಂಜೆ

ಹತ್ತು ದಿನ ಲ್ಯಾಬಿನಲ್ಲಿ ಅಭ್ಯಾಸ. ಹನ್ನೊಂದು ಚಿತ್ರ ಕೈಗೆ ಕೂತಿವೆ. ಮರಳು ಮಾತ್ರ ತೀರಾ ಒರಟು. ನನ್ನ ಕೈಯ ಕೆಲಸ ಒರಟಾಗಿರಬಾರದು. ಒಂದು ಡಬ್ಬಿ ಮನೆಗೆ ತಂದು ಕುಟ್ಟಿದೆ, ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿದೆ. ಇವರು ಬಗ್ಗಿ ನೋಡಿ, "ಏನೇ, ಮರಳಿಂದ ಎಣ್ಣೆ ತೆಗೆಯೋಕೆ ಹೊರಟಿದ್ದೀಯಾ?" ಅಂದರು. ನಗಲಿ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾಗಿದೆ. ತಗಡು ಕಾಲೇಜಿನಲ್ಲಿದೆ, ಇಲ್ಲಿ ಪರೀಕ್ಷಿಸುವಂತಿಲ್ಲ. ಪರೀಕ್ಷೆ ಯಾಕೆ? ನಾಳೆ ಗೆರೆಗಳು ಕೂದಲೆಳೆಯಷ್ಟು ಸಣ್ಣಗೆ ಬರುತ್ತವೆ.

ಫೆಬ್ರವರಿ 15, ಸಂಜೆ 6



ಹಾಲ್ ಭರ್ತಿ. ಮೊದಲ ಸಾಲಿನಲ್ಲಿ ಪ್ರೊಫೆಸರ್, ವಯಸ್ಸಾದ ಹೆಂಗಸು. ಮೂರನೇ ಸಾಲಿನಲ್ಲಿ ಗೆಳತಿಯರ ನಡುವೆ ಮಗಳು. ಇವರು ಹಿಂದೆ, ಬಾಗಿಲ ಹತ್ತಿರ. ಪುಡಿ ಉದುರಿಸಿ ಕಮಾನು ಎಳೆದೆ. ಸದ್ದು ಶುದ್ಧವಾಗಿತ್ತು. ಚಿತ್ರ ಮಾತ್ರ ತಿರುಗುಮುರುಗು. ಗೆರೆ ಬರಬೇಕಾದ ಜಾಗ ಬೋಳು. ತಗಡು ಜೋರಾಗಿ ಅಲುಗುವ ಕಡೆಯೇ ಪುಡಿ ಗುಪ್ಪೆ ಗುಪ್ಪೆಯಾಗಿ ಕೂತು ಕುದಿಯುತ್ತಿತ್ತು. ಮತ್ತೆ ಎಳೆದೆ. ಮತ್ತದೇ.

ಹಿಂದಿನಿಂದ ಯಾರೋ, "ಅಟೆಂಡರಮ್ಮಂಗೆ ಯಾಕೆ ಬೇಕಿತ್ತು ಇದೆಲ್ಲ?" ಒಂದಷ್ಟು ನಗು. ಮಗಳ ಕತ್ತು ಬಗ್ಗಿತು.

"ಬಿಡಿ ಅಕ್ಕ, ಸಾಕು," ಎಂದು ಮೇಷ್ಟ್ರು ಕಮಾನಿಗೆ ಕೈ ಚಾಚಿದರು. ಕೊಡಲಿಲ್ಲ. ಬೆರಳು ಸರಿ, ಎಳೆತ ಸರಿ, ಸದ್ದು ಸರಿ. ಬದಲಾಗಿದ್ದು ಮರಳು ಒಂದೇ. ಅತಿ ಬುದ್ಧಿ ಖರ್ಚು ಮಾಡಿ ಕೆಡಿಸಿದವಳು ನಾನೇ. ಬಾಗಿಲ ಪಕ್ಕದಲ್ಲಿ ಬೆಂಕಿ ಆರಿಸಲು ಇಟ್ಟಿರುವ ಕೆಂಪು ಬಕೆಟ್. ಸ್ಟೇಜಿನಿಂದ ಇಳಿದು ಹೋಗಿ ಒಂದು ಹಿಡಿ ಒರಟು ಮರಳು ತಂದೆ. ಆ ಪುಡಿಯ ಮೇಲೆಯೇ ಉದುರಿಸಿದೆ. ಎಳೆದೆ.

ದಪ್ಪ ಕಾಳುಗಳು ಓಡಿಹೋಗಿ ಗೆರೆಗಳ ಮೇಲೆ ನಿಂತವು. ಪುಡಿ ಗೆರೆಗಳ ನಡುವೆ ಗುಪ್ಪೆಯಾಗಿಯೇ ಉಳಿಯಿತು. ಒಂದೇ ತಗಡು, ಒಂದೇ ಸದ್ದು, ಎರಡು ಚಿತ್ರ. ಹತ್ತೊಂಬತ್ತು ವರ್ಷದಲ್ಲಿ ನಾನೇ ಕಂಡಿರಲಿಲ್ಲ.

ಪ್ರೊಫೆಸರ್ ಎದ್ದು ಹತ್ತಿರ ಬಂದರು. "ಯಾಕೆ ಹೀಗೆ?"

"ಮೊದಲು ಆಗಿದ್ದು ನನ್ನ ತಪ್ಪು ಮೇಡಂ. ಮರಳನ್ನ ಹಿಟ್ಟು ಮಾಡ್ಬಿಟ್ಟೆ. ತಗಡು ಅಲುಗಿದ್ರೆ ಅದರ ಮೇಲಿನ ಗಾಳಿನೂ ಸುತ್ತತ್ತೆ ಅನ್ಸತ್ತೆ. ಹಿಟ್ಟನ್ನ ಆ ಗಾಳಿ ಎಳ್ಕೊಳತ್ತೆ, ಕಾಳನ್ನ ತಗಡೇ ಒದ್ದು ಓಡಿಸತ್ತೆ."

"ಸರಿಯಾಗಿದೆ. ಇಷ್ಟು ಸಲೀಸಾಗಿ ನಾನೂ ಯಾವತ್ತೂ ಪಾಠ ಮಾಡಿಲ್ಲ. ಇನ್ನೊಂದ್ಸಲ ಮಾಡಿ."

ಏಳು ಸಲ ಮಾಡಿದೆ. ಹೆಮ್ಮೆಯಾಯಿತು. ಮುಚ್ಚುಮರೆ ಯಾಕೆ, ಬಹಳ ಹೆಮ್ಮೆಯಾಯಿತು. ಇವರಂತೂ ಪಕ್ಕದಲ್ಲಿದ್ದವರನ್ನೆಲ್ಲ ಹಿಡಿದು ನನ್ನ ಹೆಂಡತಿ ಎಂದು ಹೇಳಿಕೊಂಡರಂತೆ. ಮೂರನೇ ಸಾಲಿನ ಕಡೆ ನೋಡಿದೆ. ಮಗಳ ಕುರ್ಚಿ ಖಾಲಿ.

ಫೆಬ್ರವರಿ 17, ಮಧ್ಯಾಹ್ನ 1:40

ಲ್ಯಾಬಿನಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನೆಯಿಡೀ ಅವಳು ಮಾತಾಡಿರಲಿಲ್ಲ, ನಾನೂ ಕೇಳಿರಲಿಲ್ಲ. ಊಟದ ಹೊತ್ತಿಗೆ ಬಾಗಿಲಲ್ಲಿ ನಾಲ್ಕು ಹುಡುಗಿಯರು. ಮುಂದೆ ಮಗಳು. ನೇರ ಬಂದು ನನ್ನ ಪಕ್ಕ ನಿಂತಳು.

"ಇವರು ನಮ್ಮಮ್ಮ."

"ನಿಮ್ಮಮ್ಮನಾ? ಎರಡು ವರ್ಷದಿಂದ ಹೇಳೇ ಇಲ್ವಲ್ಲೇ," ಅಂದಳು ಒಬ್ಬಳು.

"ಹೇಳೋಕೆ ನಾಚ್ಕೊಂಡಿದ್ದೆ. ಅವತ್ತು ನಕ್ಕರಲ್ಲ, ನಾನು ಸುಮ್ನೆ ಕೂತಿದ್ದೆ. ಆಮೇಲೆ ಕೂರೋಕೆ ಆಗ್ಲಿಲ್ಲ, ಎದ್ದು ಹೋದೆ. ತಪ್ಪು ನಂದೇ." ನನ್ನ ಕಡೆ ನೋಡದೆ ಹೇಳಿದಳು, ಆದರೆ ಎಲ್ಲರ ಮುಂದೆ ಹೇಳಿದಳು. ತಗಡು ಒರೆಸುತ್ತ ನಿಂತೆ, ಒರೆಸಿದ್ದನ್ನೇ ಒರೆಸುತ್ತ.

ಕಮಾನು ಅವಳ ಕೈಗೆ ಕೊಟ್ಟು ಈಚೆ ಬಂದಿದ್ದೇನೆ. ಒಳಕೋಣೆಯಲ್ಲಿ ತಗಡು ಚೀರುತ್ತಿದೆ, ಹುಡುಗಿಯರು ನಗುತ್ತಿದ್ದಾರೆ. ಬೆರಳು ಜಾರುತ್ತಿರಬೇಕು. "ಅಮ್ಮಾ, ಬಾಮ್ಮ ಇಲ್ಲಿ" ಎಂದು ಕೂಗುತ್ತಿದ್ದಾಳೆ. ಬಾಗಿಲು ತೆರೆದೇ ಇದೆ. ಇಡೀ ಕಾರಿಡಾರಿಗೆ ಕೇಳುತ್ತಿದೆ. ಮತ್ತೆ ಕೂಗಿದಳು, ಇನ್ನೂ ಜೋರಾಗಿ. ಹೋಗಿ ತೋರಿಸಿ ಬರುತ್ತೇನೆ, ಉಳಿದದ್ದು ಆಮೇಲೆ.