ಎಸಿ ಗುಂಡಿ

ಏಪ್ರಿಲ್ ೧೭, ಗುರುವಾರ

ಇವರು ತೀರಿಕೊಂಡ ಮೇಲೆ ಪಿಕಪ್ಪು ನಿಂತಲ್ಲೇ ನಿಂತಿದೆ. ಇವತ್ತು ಕೊಳ್ಳಲು ಒಬ್ಬ ಮೆಕ್ಯಾನಿಕ್ ಬಂದಿದ್ದ. "ಟಾಪ್ ಮಾಡೆಲ್ಲು, ಎಸಿ ಮಾತ್ರ ಕೆಟ್ಟಿದೆ" ಎಂದೆ. ಅವನು ಬಾಗಿಲೊಳಗಿನ ತಗಡಿನ ಮೇಲಿದ್ದ ನಂಬರ್ ಓದಿ, ಎಸಿ ಗುಂಡಿ ಎಳೆದ. ಕೈಗೇ ಬಂತು. ಹಿಂದೆ ಒಂದು ವೈರೂ ಇರಲಿಲ್ಲ.

"ಇದು ಬೇಸ್ ಮಾಡೆಲ್ ಅಕ್ಕ. ಇದಕ್ಕೆ ಎಸಿ ಬರೋದೇ ಇಲ್ಲ. ಯಾರೋ ಸುಮ್ನೆ ಗುಂಡಿ ಸಿಕ್ಕಿಸಿದಾರೆ."

ಏಳು ಬೇಸಿಗೆ ಬೆವರುತ್ತಾ ಪಕ್ಕದಲ್ಲಿ ಕೂತು, ರಿಪೇರಿ ಮಾಡಿಸದ ಸೋಮಾರಿ ಎಂದು ಇವರನ್ನು ಬೈದಿದ್ದೇನೆ. "ಮುಂದಿನ ವಾರ ಮಾಡಿಸ್ತೀನಿ ಕಣೇ" ಎನ್ನುತ್ತಿದ್ದರು. ಗಾಡಿ ತಂದ ದಿನ ತಂಗಿಯರ ಎದುರು "ಟಾಪ್ ಮಾಡೆಲ್ ತಾನೆ?" ಎಂದು ಕೇಳಿದವಳು ನಾನೇ.

ಮಾರುವುದಿಲ್ಲ ಎಂದು ಅವನನ್ನು ಕಳಿಸಿದೆ. ಗುಂಡಿ ದಿಂಬಿನ ಪಕ್ಕದಲ್ಲಿದೆ.

ನಿಜ ಹೇಳಿದ್ದರೆ ಬೈಯುತ್ತಿರಲಿಲ್ಲ ಎಂದು ಬರೆಯಲು ಹೊರಟೆ. ಬೈಯುತ್ತಿದ್ದೆ.